ಉಸಿರಿನ ಬಗ್ಗೆಯೂ ಒಂದು ಮಾತು ಹೇಳಿ

ಹೋದ ವರ್ಷ ಮುಂಬೈನ ದಾದರ್‌ನ ಒಂದು ಧರ್ಮಶಾಲೆಯಲ್ಲಿ ಕಲಬುರಗಿ ಕಡೆಯ ಒಬ್ಬ ತಾಯಿ ಸಿಕ್ಕಿದ್ದರು. ಮಗನಿಗೆ 17 ವರ್ಷ. ಮೊಣಕಾಲಿನ ಹತ್ತಿರ ಮೂಳೆ ಕ್ಯಾನ್ಸರ್, ಶ್ವಾಸಕೋಶಕ್ಕೂ ಹರಡಿತ್ತು. ಕೀಮೋ, ಅಂದರೆ ಕ್ಯಾನ್ಸರ್ ಕೊಲ್ಲುವ ಔಷಧ, ನಡೆಯುತ್ತಿತ್ತು. ಒಂದು ರಾತ್ರಿ ಹುಡುಗನಿಗೆ ಎದೆಯ ಎಡಪಕ್ಕ ಚುಚ್ಚಿದ ಹಾಗೆ ನೋವು ಬಂತು. ಉಸಿರು ಸಾಲದೆ ಎದ್ದು ಕೂತ.

"ಗ್ಯಾಸ್ ಆಗ್ಯಾದ ಅಂದ್ಕೊಂಡೆ ರೀ ಅಣ್ಣಾ. ಜೀರಿಗಿ ನೀರು ಕುಡಿಸಿ ಮಲಗಿಸಿದೆ" ಅಂದರು ಆ ತಾಯಿ.

ಬೆಳಗ್ಗೆ ಎಕ್ಸ್‌ರೇ ತೆಗೆದರೆ ಎಡಗಡೆಯ ಶ್ವಾಸಕೋಶ ಮುದುಡಿ ಹೋಗಿತ್ತು.

ಇದಕ್ಕೆ ನ್ಯೂಮೋಥೊರಾಕ್ಸ್ ಅನ್ನುತ್ತಾರೆ. ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವೆ ಗಾಳಿ ಸೇರಿಕೊಳ್ಳುತ್ತದೆ. ಹರಡಿದ ಕ್ಯಾನ್ಸರಿನಿಂದ ಹೀಗಾಗುವುದು ಅಪರೂಪ, ನಿಜ. ಆದರೆ ಹಾಗೆ ಆಗುವವರಲ್ಲಿ ಸಾರ್ಕೋಮಾ, ಅಂದರೆ ಮೂಳೆ, ಸ್ನಾಯುವಿನಂಥ ಕಡೆ ಹುಟ್ಟುವ ಕ್ಯಾನ್ಸರ್, ಇರುವವರೇ ಜಾಸ್ತಿ, ಅದರಲ್ಲೂ ಈ ಹುಡುಗನಿಗಿದ್ದ ಮೂಳೆಯ ಆಸ್ಟಿಯೋಸಾರ್ಕೋಮಾ. ಕ್ಯಾನ್ಸರಿನ ಗಂಟು ಶ್ವಾಸಕೋಶದ ಅಂಚಿನಲ್ಲಿ ಕೂತಿರುತ್ತದೆ. ಅದರ ಒಳಗಿನ ಜೀವಕೋಶಗಳು ಸತ್ತು ಗಂಟು ಒಡೆದರೆ ಅಲ್ಲಿಂದ ಗಾಳಿ ಸೋರುತ್ತದೆ. ಕೀಮೋ ಕೆಲಸ ಮಾಡಿ ಗಂಟು ಕರಗುವಾಗಲೂ ಹೀಗಾಗಬಹುದು. ನನ್ನನ್ನು ಕಾಡಿದ್ದು ಇದೇ. ಔಷಧ ಹಿಡಿಯುತ್ತಿದೆ ಅಂತ ಮನೆಯವರು ಸ್ವಲ್ಪ ನೆಮ್ಮದಿಯಾಗಿರುವ ಹೊತ್ತು ಅದು, ಅಲ್ವಾ?

ಜ್ವರ ಬಂದರೆ ಬನ್ನಿ, ವಾಂತಿಗೆ ಈ ಮಾತ್ರೆ ಅಂತ ಆಸ್ಪತ್ರೆಯವರು ಆ ತಾಯಿಗೆ ಹೇಳಿ ಕಳಿಸಿದ್ದರು. ಉಸಿರಿನ ಬಗ್ಗೆ ಏನೂ ಹೇಳಿರಲಿಲ್ಲ. ಕಾಗದವೆಲ್ಲ ಇಂಗ್ಲಿಷ್‌ನಲ್ಲಿ. ನಾನು ಯಾಕೆ ಅಂತ ಕೇಳಿದಾಗ, "ಅಪರೂಪದ್ದನ್ನೆಲ್ಲ ಹೇಳಿದರೆ ಸುಮ್ನೆ ಹೆದರುತ್ತಾರೆ" ಅಂದರು ಆಸ್ಪತ್ರೆಯವರು. ನಾನು ಇದನ್ನು ಒಪ್ಪುವುದಿಲ್ಲ. ಮಗನಿಗೆ ಕ್ಯಾನ್ಸರ್ ಅನ್ನುವ ಮಾತನ್ನೇ ತಡೆದುಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬಂದ ಹೆಂಗಸು ಇದನ್ನು ಕೇಳಿ ಹೆದರುತ್ತಿದ್ದರೇ? ಗೊತ್ತಿದ್ದರೆ ಆ ರಾತ್ರಿಯೇ ಟ್ಯಾಕ್ಸಿ ಹಿಡಿಯುತ್ತಿದ್ದರು. ಕೆಲವರಿಗೆ ಗಾಳಿಯ ಒತ್ತಡ ಏರುತ್ತಾ ಹೋಗಿ ಹೃದಯಕ್ಕೇ ಅಡ್ಡಿಯಾಗುತ್ತದೆ. ಆಗ ಬೆಳಗಿನ ತನಕ ಕಾಯುವ ಹಾಗಿಲ್ಲ.

ಹುಡುಗನಿಗೆ ಪಕ್ಕೆಲುಬುಗಳ ನಡುವೆ ನಳಿಗೆ ಹಾಕಿದರು. ಅದರ ಇನ್ನೊಂದು ತುದಿ ನೀರು ತುಂಬಿದ ಬಾಟಲಿಯಲ್ಲಿ. ಸೋರಿದ ಗಾಳಿ ಅಲ್ಲಿ ಗುಳ್ಳೆಯಾಗಿ ಬರುತ್ತದೆ. ತಾಯಿ ದಿನವಿಡೀ ಆ ಗುಳ್ಳೆಗಳನ್ನೇ ನೋಡುತ್ತಾ ಕೂತಿದ್ದರು. ಆರನೇ ದಿನ ಗುಳ್ಳೆ ನಿಂತವು. ಮತ್ತೆ ಹೀಗಾಗದಿರಲಿ ಅಂತ ಆ ನಡುವಿನ ಜಾಗಕ್ಕೆ ಟಾಲ್ಕ್ ಪುಡಿ ಹಾಕಿ ಶ್ವಾಸಕೋಶವನ್ನು ಎದೆಗೂಡಿಗೆ ಅಂಟಿಸಿದರು.

ಆಮೇಲೆ ನಾನು ಅವರ ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ: "ಇದ್ದಕ್ಕಿದ್ದಂತೆ ಎದೆಯ ಒಂದು ಪಕ್ಕ ನೋವು, ಏದುಸಿರು ಬಂದರೆ ಆಗಲೇ ಆಸ್ಪತ್ರೆಗೆ ಬನ್ನಿ. ಎಕ್ಸ್‌ರೇ ಕೇಳಿ." ಮುಂದಿನ ವಾರ ಹೋದಾಗ ಪಕ್ಕದ ಕೋಣೆಯ ರಾಯಚೂರಿನವರ ಫೈಲಿನ ಮೇಲೂ ಅದೇ ಸಾಲು ಇತ್ತು. ಬರೆದದ್ದು ಆ ಹುಡುಗ.