ಉಳುಕಿದ ಕಾಲಿಗೆ ಎಂಥ ಬ್ರೇಸ್ ಬೇಕು?

ಎಲ್ಲರಿಗೂ ನಮಸ್ಕಾರ.

ಇದನ್ನು ಕೇಳುತ್ತಿರುವವರಲ್ಲಿ ಒಬ್ಬರಾದರೂ ಈಗ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿರುತ್ತೀರಿ. ಮೆಟ್ಟಿಲು ಇಳಿಯುವಾಗಲೋ ಆಟ ಆಡುವಾಗಲೋ ಪಾದ ಹೊರಳಿತು. ಹರಡಿನ, ಅಂದರೆ ಪಾದ ಕಾಲಿಗೆ ಸೇರುವ ಕೀಲಿನ, ಹೊರಮಗ್ಗುಲು ಊದಿಕೊಂಡಿತು. ‘ಒಂದು ಸಪೋರ್ಟ್ ತಂದು ಹಾಕಿಕೋ, ಸರಿಹೋಗುತ್ತೆ’ ಅಂತ ಮನೆಯಲ್ಲಿ ಯಾರೋ ಹೇಳಿದರು. ಈ ಹತ್ತು ನಿಮಿಷ ನಿಮಗಾಗಿಯೇ.

ನಾನು ಫಿಸಿಯೋಥೆರಪಿಸ್ಟ್. ಉಳುಕಿದ ಕಾಲು ನೋಡುವುದೇ ನನ್ನ ದಿನದ ಕೆಲಸ. ಬಂದವರೆಲ್ಲ ಮೊದಲು ಕೇಳುವುದು, ‘ಮೇಡಂ, ಎಷ್ಟು ಬಿಗಿ ಇರೋದು ತಗೊಳ್ಳಲಿ?’ ಅಂತ. ದಯವಿಟ್ಟು ಆ ಪ್ರಶ್ನೆ ಬಿಟ್ಟುಬಿಡಿ. ಬ್ರೇಸ್, ಅಂದರೆ ಹರಡಿಗೆ ಹಾಕುವ ಆ ಸಪೋರ್ಟ್, ಕೈಗೆತ್ತಿಕೊಂಡಾಗ ಕೇಳಬೇಕಾದ್ದು ಒಂದೇ. ಪಾದ ಅಡ್ಡಕ್ಕೆ ಹೊರಳುವುದನ್ನು ಇದು ತಡೆಯುತ್ತದಾ? ಅಡ್ಡಕ್ಕೆ ಹೊರಳಬಾರದು, ಮೇಲೆ ಕೆಳಗೆ ಆಡಬೇಕು.

ಯಾಕೆ ಅಂತ ಹೇಳುತ್ತೇನೆ. ಹರಡಿನ ಎರಡು ಪಕ್ಕದಲ್ಲೂ ಉಬ್ಬಿದ ಮೂಳೆ ಇದೆ, ಕೈಯಿಟ್ಟು ನೋಡಿ. ಹೊರಗಿನ ಆ ಉಬ್ಬಿನಿಂದ ಪಾದದ ಮೂಳೆಗಳಿಗೆ ಮೂರು ಪಟ್ಟಿಗಳು ಹೋಗುತ್ತವೆ. ಲಿಗಮೆಂಟ್ ಅನ್ನುವುದು ಇವನ್ನೇ. ಅಂಗಾಲು ಒಳಮುಖವಾಗಿ ಮಗುಚಿದಾಗ ಇವು ಎಳೆದುಕೊಳ್ಳುತ್ತವೆ, ಜೋರಾದರೆ ಹರಿಯುತ್ತವೆ. ಮೊದಲು ಪೆಟ್ಟು ತಿನ್ನುವುದು ಮುಂದಿನ ಪಟ್ಟಿ. ಹೆಚ್ಚಿನ ಉಳುಕುಗಳು ಹೀಗೇ ಆಗುವುದು.

ಇನ್ನೊಂದು ವಿಷಯ ನನಗೆ ಯಾವತ್ತೂ ಬೆರಗು. ಕೀಲಿನೊಳಗೆ ಕೂರುವ ಮೂಳೆ ಮುಂದೆ ಅಗಲ, ಹಿಂದೆ ಕಿರಿದು. ಪಾದ ಪೂರ್ತಿ ಊರಿ ನಿಂತಾಗ ಅಗಲದ ಭಾಗ ಬೆಣೆ ಹೊಡೆದ ಹಾಗೆ ಗಟ್ಟಿಯಾಗಿ ಕೂರುತ್ತದೆ. ಬೆರಳು ಕೆಳಗೆ ಚಾಚಿದರೆ ಕಿರಿದಾದ ಭಾಗ ಅಲ್ಲಿಗೆ ಬರುತ್ತದೆ, ಕೀಲು ಸಡಿಲವಾಗುತ್ತದೆ. ಮೆಟ್ಟಿಲು ಇಳಿಯುವಾಗ, ಜಿಗಿದು ಕೆಳಗೆ ಬರುವಾಗ ಬೆರಳೇ ಮೊದಲು ತಾಗುವುದು ಅಲ್ವಾ? ಪಾದ ಹೊರಳುವುದೂ ಆಗಲೇ.

ಬ್ರೇಸ್ ಕೊಳ್ಳುವ ಮುಂಚೆ ಮೂಳೆ ಮುರಿದಿಲ್ಲ ಅಂತ ಗೊತ್ತಾಗಬೇಕು. ಪೆಟ್ಟಾದ ಮೇಲೆ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಆ ಎರಡು ಉಬ್ಬಿದ ಮೂಳೆಗಳಲ್ಲಿ ಯಾವುದರದ್ದಾದರೂ ಹಿಂದಿನ ಅಂಚಿನಲ್ಲಿ ಕೆಳಗಿನ 6 ಸೆಂಟಿಮೀಟರ್ ಒಳಗೆ ಒತ್ತಿದಾಗ ನೋವಿದ್ದರೆ, ಕಿರುಬೆರಳಿನ ಸಾಲಲ್ಲಿ ಪಾದದ ನಡುಭಾಗ ಒತ್ತಿದಾಗ ನೋವಿದ್ದರೆ, ಎಕ್ಸ್‌ರೇ ಬೇಕು. ಒಟ್ಟಾವಾ ನಿಯಮ ಅಂತ ಇದಕ್ಕೆ ಹೆಸರು. ಕೆನಡಾದ ವೈದ್ಯರು 1992ರಲ್ಲಿ ಪ್ರಕಟಿಸಿದ್ದು. ಇವುಗಳಲ್ಲಿ ಒಂದಿದ್ದರೂ ಈಗಲೇ ರೇಡಿಯೋ ಆರಿಸಿ ಆಸ್ಪತ್ರೆಗೆ ಹೋಗಿ.

ಈಗ ಒಬ್ಬರ ಕತೆ ಹೇಳಲೇಬೇಕು. ಶಾಲೆಯ ಟೀಚರ್ ಒಬ್ಬರು ಬಂದಿದ್ದರು. ಒಂದೇ ವರ್ಷದಲ್ಲಿ ಅದೇ ಕಾಲು ಮೂರನೇ ಸಲ ಉಳುಕಿತ್ತು. ಅವರು ಅಜಾಗರೂಕರಲ್ಲ. ಮೊದಲ ಸಲದಿಂದಲೂ ಒಂದು ದಿನ ತಪ್ಪದೆ ಸಪೋರ್ಟ್ ಹಾಕಿದ್ದರು, ಮಲಗುವಾಗ ಕೂಡ. ಕಾಲುಚೀಲದ ಹಾಗೆ ಎಳೆದು ಹಾಕಿಕೊಳ್ಳುವ ಎಲಾಸ್ಟಿಕ್ ಸ್ಲೀವ್ ಅದು. ಬಿಗಿ ಇದ್ದಷ್ಟೂ ಒಳ್ಳೆಯದು ಅಂತ ಒಂದು ಸೈಜ್ ಚಿಕ್ಕದನ್ನೇ ತಂದಿದ್ದರು. ತೆಗೆಯಿರಿ ಅಂದೆ. ಅದನ್ನು ಸುರುಳಿ ಮಾಡುತ್ತಾ ಇಳಿಸುವಷ್ಟರಲ್ಲಿ ಅವರ ಮುಖ ಕಿವುಚಿಹೋಯಿತು. ಬಟ್ಟೆಯ ಹೊಲಿಗೆ ಚರ್ಮದ ಮೇಲೆ ಕೆಂಪಗೆ ಗೆರೆ ಕೊರೆದಿತ್ತು, ಒಂದೊಂದು ದಾರವನ್ನೂ ಎಣಿಸಬಹುದಿತ್ತು. ಬೆರಳು ಮುಟ್ಟಿದೆ, ತಣ್ಣಗಿದ್ದವು.

ಆಗಲೇ ಪೆಟ್ಟಾಗಿ ಮೂರು ವಾರ, ನೋವು ಇಳಿದಿತ್ತು. ಸ್ಲೀವನ್ನು ಮತ್ತೆ ಹಾಕಿಸಿ, ಮಂಚದ ಅಂಚಲ್ಲಿ ಕೂರಿಸಿ, ಕಾಲು ಇಳಿಬಿಡಿ ಅಂದೆ. ಹಿಮ್ಮಡಿ ಹಿಡಿದು ಅಂಗಾಲನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿದೆ. ಪಾದ ಸಲೀಸಾಗಿ ಹೊರಳಿಹೋಯಿತು. ಅಷ್ಟು ಬಿಗಿ ಇದ್ದರೂ ಚೂರೂ ತಡೆ ಇಲ್ಲ! ಬಟ್ಟೆ ಪಾದದ ಜೊತೆಗೇ ಹೊರಳಿತು. ಅವರು ಸುಮ್ನೆ ನೋಡುತ್ತಾ ಕೂತರು.

ಆಮೇಲೆ ಲೇಸ್ ಕಟ್ಟುವ ಬ್ರೇಸ್ ಹಾಕಿದೆ. ಗಟ್ಟಿ ಬಟ್ಟೆಯದು. ಎರಡು ಪಕ್ಕದಲ್ಲೂ ಪ್ಲಾಸ್ಟಿಕ್ ಪಟ್ಟಿ, ಮೇಲೆ ಎಂಟರ ಆಕಾರದಲ್ಲಿ ಹಿಮ್ಮಡಿ ಸುತ್ತಿ ಬರುವ ವೆಲ್ಕ್ರೋ ಪಟ್ಟಿ. ಅದೇ ರೀತಿ ತಿರುಗಿಸಿದೆ. ಅರ್ಧಕ್ಕೇ ನಿಂತಿತು. ‘ಅಯ್ಯೋ ಮೇಡಂ, ಇದು ತಡೀತಿದೆ!’ ಅಂದರು. ಪಾದ ಮೇಲೆ ಕೆಳಗೆ ಆಡಿಸಿ ಅಂದೆ, ಆರಾಮಾಗಿ ಆಡಿತು. ಎದ್ದು ನಾಲ್ಕು ಹೆಜ್ಜೆ ನಡೆದರು. ‘ಇದು ಬಿಗಿಯೇ ಇಲ್ವಲ್ಲ’ ಅಂದರು. ಬಿಗಿಗೆ ಇಲ್ಲಿ ಕೆಲಸವೇ ಇಲ್ಲ ಟೀಚರ್, ಪಕ್ಕದಲ್ಲಿ ಗೋಡೆ ಇರಬೇಕು ಅಷ್ಟೇ, ಅಂದೆ. ಎರಡು ಸಲ ಮತ್ತೆ ಉಳುಕಿದ್ದು ಅವರ ತಪ್ಪಲ್ಲ. ಇಷ್ಟು ಸಣ್ಣ ವಿಷಯವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನನಗೆ ಬೇಜಾರಾಗುವುದು ಅದಕ್ಕೇ.

ಅಂಗಡಿಯಲ್ಲಿ ನೀವೂ ಇದನ್ನೇ ಮಾಡಿ. ನೋವಿರುವ ಕಾಲಲ್ಲಿ ಬೇಡ, ಚೆನ್ನಾಗಿರುವ ಕಾಲಿಗೆ ಹಾಕಿ ಕೂತುಕೊಳ್ಳಿ. ಜೊತೆಗೆ ಬಂದವರು ಹಿಮ್ಮಡಿ ಹಿಡಿದು ಅಂಗಾಲನ್ನು ಒಳಕ್ಕೆ ತಿರುಗಿಸಲಿ. ಸುಲಭವಾಗಿ ಹೊರಳಿದರೆ ಅಲ್ಲೇ ಇಟ್ಟು ಬನ್ನಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಸ್ಲೀವ್, ಕ್ರೇಪ್ ಬ್ಯಾಂಡೇಜ್ ಎರಡೂ ಊತ ಇಳಿಸಲು, ಮೊದಲ ಕೆಲವು ದಿನಕ್ಕೆ ಸಾಕು. ಊತ ಜಾಸ್ತಿ ಇದ್ದಾಗ ಎರಡು ಪಕ್ಕ ಗಟ್ಟಿ ಚಿಪ್ಪು ಇರುವ ಬ್ರೇಸ್ ಒಳ್ಳೆಯದು. ಊತ ಇಳಿದ ಹಾಗೆ ಅದರ ಪಟ್ಟಿ ಹೊಂದಿಸಿಕೊಳ್ಳಬಹುದು. ನಡೆದಾಡಲು, ಆಟಕ್ಕೆ ಮರಳಲು ಲೇಸಿನದು ಅನುಕೂಲ. ಎರಡರದ್ದೂ ಕೆಲಸ ಒಂದೇ, ಅಡ್ಡ ಹೊರಳು ತಡೆಯುವುದು.

ಸೈಜ್ ಊಹಿಸಬೇಡಿ. ಟೇಪ್ ಹಿಡಿದು ಅಳೆದು, ಪೊಟ್ಟಣದ ಮೇಲಿನ ಸೈಜ್ ಪಟ್ಟಿ ನೋಡಿ. ಎಲ್ಲಿ ಅಳೆಯಬೇಕು ಅಂತ ಅದರಲ್ಲೇ ಚಿತ್ರ ಇರುತ್ತದೆ. ತೆಳುವಾದ ಕಾಲುಚೀಲದ ಮೇಲೆ ಬ್ರೇಸ್ ಹಾಕಿ. ಅದರ ಮೇಲೆ ಲೇಸ್ ಇರುವ ಶೂ. ಚಪ್ಪಲಿಯಲ್ಲಿ ಅದು ಜಾರುತ್ತದೆ, ಹಾಗಾಗಿ ಕೊಳ್ಳಲು ಹೋಗುವಾಗ ಶೂ ಜೊತೆಗೇ ಒಯ್ಯಿರಿ. ಹಾಕಿದ ಮೇಲೆ ಹೆಬ್ಬೆರಳ ಉಗುರು ಒತ್ತಿ ಬಿಡಿ. ಬಿಳಿಚಿದ ಉಗುರು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಬೆರಳು ಜೋಮು ಹಿಡಿದರೆ ಸಡಿಲಿಸಿ. ಮಲಗುವಾಗ ತೆಗೆದಿಡಿ.

ಬ್ರೇಸ್ ಹಾಕಿದರೆ ಕಾಲು ದುರ್ಬಲ ಆಗುತ್ತೆ ಅಂತ ಹೆದರಿ ಎಷ್ಟೋ ಜನ ಎರಡೇ ವಾರಕ್ಕೆ ಬಿಚ್ಚಿ ಎಸೆಯುತ್ತಾರೆ. ಕಾಲು ದುರ್ಬಲ ಆಗುವುದು ಆಡಿಸದೆ ಕೂತರೆ. ನೋವು ಹೋಯಿತು ಅಂದ ಮಾತ್ರಕ್ಕೆ ಲಿಗಮೆಂಟ್ ಕೂಡಿಕೊಂಡಿತು ಅಂತಲ್ಲ, ಅದಕ್ಕೆ ತಿಂಗಳುಗಳೇ ಬೇಕು. ಆಟ ಆಡುವವರು ಆಟದ ಹೊತ್ತಿಗೆ ಬ್ರೇಸನ್ನು ಆರು ತಿಂಗಳಾದರೂ ಹಾಕಿ.

ಜೊತೆಗೆ ಒಂದು ವ್ಯಾಯಾಮ. ನೋವಿಲ್ಲದೆ ನಿಲ್ಲಲು ಆದ ದಿನದಿಂದ ಶುರು ಮಾಡಿ. ಗೋಡೆ ಪಕ್ಕ, ಬರಿಗಾಲಲ್ಲಿ, ಬ್ರೇಸ್ ಬಿಚ್ಚಿಟ್ಟು, ಉಳುಕಿದ್ದ ಕಾಲ ಮೇಲೆ ಒಂಟಿಯಾಗಿ ನಿಲ್ಲಿ. ಅರ್ಧ ನಿಮಿಷ. ಮೊದಲ ದಿನ ಪಾದ ಗಡಗಡ ನಡುಗುತ್ತದೆ. ಬೆರಳುಗಳು ನೆಲ ಹಿಡಿಯಲು ಹೋರಾಡುತ್ತವೆ. ನಡುಗಲಿ ಬಿಡಿ, ಸಮತೋಲ ಹಿಡಿಯುವುದನ್ನು ಕಾಲು ಮತ್ತೆ ಕಲಿಯುತ್ತಿದೆ. ಆ ಟೀಚರ್ ಬೋರ್ಡಿನ ಪಕ್ಕದಲ್ಲೇ ನಿಂತು ದಿನಾ ಇದನ್ನು ಮಾಡುತ್ತಿದ್ದರಂತೆ. ಮಕ್ಕಳು ಸೆಕೆಂಡ್ ಎಣಿಸುತ್ತಿದ್ದರಂತೆ.

ನಮಸ್ಕಾರ.