ಬಂಡೆ ಮೇಲಿನ ಅರಳಿ ಮರಕ್ಕೆ ನೀರು ಎಲ್ಲಿಂದ?

ನಮಸ್ಕಾರ. ಕಳೆದ ವಿಡಿಯೋ ನೋಡಿದವರೊಬ್ಬರು ಕೇಳಿದರು: "ಅಣ್ಣಾ, ದುರ್ಗದ ಕೋಟೆಯಲ್ಲಿ ಬರೀ ಬಂಡೆ, ಅದರ ಸಂದಿಯಲ್ಲಿ ಅರಳಿ ಮರ ಹಸಿರಾಗಿ ನಿಂತಿದೆ. ನಮ್ಮ ಎರೆ ಹೊಲದಲ್ಲಿ ಗೊಬ್ಬರ ಹಾಕಿ, ದಿನಾ ನೀರು ಕೊಟ್ಟರೂ ನುಗ್ಗೆ ಸತ್ತುಹೋಯಿತು. ಯಾಕೆ?" ಎಂಥ ಒಳ್ಳೆ ಪ್ರಶ್ನೆ ಅಲ್ವಾ? ಉತ್ತರ ಇರುವುದು ನೆಲದ ಕೆಳಗೆ.

ಬೇರು ನೀರು ಹೀರುತ್ತದೆ, ಮರವನ್ನು ಹಿಡಿದು ನಿಲ್ಲಿಸುತ್ತದೆ. ಇದು ನಿಮಗೆ ಗೊತ್ತು, ಮುಂದೆ ಹೋಗೋಣ. ಜಾಸ್ತಿ ಜನ ಮರೆಯುವುದು ಏನೆಂದರೆ, ಬೇರು ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವೆ ಇರುವ ಗಾಳಿ ಅದಕ್ಕೆ ಬೇಕೇ ಬೇಕು. ಅದಕ್ಕೇ ಬಹುಪಾಲು ಮರಗಳ ಹೆಚ್ಚಿನ ಬೇರುಗಳು ಮೇಲಿನ ಮೂರು ಅಡಿಯೊಳಗೇ ಇರುತ್ತವೆ. ಪಕ್ಕಕ್ಕೆ ಮಾತ್ರ ಮರದ ನೆರಳನ್ನೂ ದಾಟಿ ಹೋಗಿರುತ್ತವೆ.

ಈಗ ಕೋಟೆಗೆ ಬನ್ನಿ. ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕುತ್ತದೆ, ಬೀಜ ಬಿರುಕಿಗೆ ಬೀಳುತ್ತದೆ. ಬೇರು ಬಂಡೆ ಸೀಳಿಕೊಂಡು ಒಳಗೆ ನುಗ್ಗುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಕೂದಲೆಳೆಯಂಥ ಬೇರು ಮೊದಲೇ ಇದ್ದ ಬಿರುಕಿನಲ್ಲಿ ಇಳಿಯುತ್ತದೆ, ಆಮೇಲೆ ದಪ್ಪವಾಗುತ್ತಾ ಆ ಬಿರುಕನ್ನು ಅಗಲ ಮಾಡುತ್ತದೆ. ಒಳಗೆ ಮಳೆ ಕೊಚ್ಚಿ ತಂದ ಮಣ್ಣು, ಉದುರಿದ ಕಲ್ಲಿನ ಪುಡಿ. ಬಿಸಿಲು ತಾಗುವುದಿಲ್ಲ, ತೇವ ಬೇಗ ಆರುವುದಿಲ್ಲ. ಹೊರಗೆ ಬಂಡೆ ಕಾದ ಹೆಂಚಾಗಿದ್ದರೂ ಒಳಗೆ ತಂಪು. ಗಾಳಿಯೂ ಆಡುತ್ತದೆ.

ಇನ್ನೊಂದು ವಿಷಯ ಹೇಳದೆ ನನಗೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಹಿರಿಯೂರು, ಚಳ್ಳಕೆರೆ ಕಡೆ ರಸ್ತೆ ಬದಿಯಲ್ಲೆಲ್ಲ ಬಳ್ಳಾರಿ ಜಾಲಿ ಇದೆಯಲ್ಲ, ಅದರ ಹತ್ತಿರದ ಸಂಬಂಧಿ ಅಮೆರಿಕದ ಅರಿಜೋನಾದಲ್ಲಿದೆ. ಅಲ್ಲಿ ಗಣಿಗಾಗಿ ನೆಲ ತೋಡಿದಾಗ ಅದರ ಬೇರು ಎಷ್ಟು ಆಳದಲ್ಲಿ ಸಿಕ್ಕಿತು ಗೊತ್ತಾ? 53 ಮೀಟರ್. ಸುಮಾರು 175 ಅಡಿ! ಹದಿನೇಳು ಮಹಡಿಯ ಕಟ್ಟಡವನ್ನು ತಲೆಕೆಳಗಾಗಿ ನೆಲದೊಳಗೆ ಹೂತ ಹಾಗೆ. ಆಫ್ರಿಕಾದ ಕಲಹರಿ ಮರುಭೂಮಿಯಲ್ಲಿ ನಮ್ಮ ಹಾಗೇ ನೀರಿಗಾಗಿ ಬೋರ್ ಕೊರೆಯುತ್ತಿದ್ದವರಿಗೆ ಬೇರೊಂದು ಜಾತಿಯ ಮರದ ಬೇರು 68 ಮೀಟರ್ ಆಳದಲ್ಲಿ ಸಿಕ್ಕಿತ್ತು. ನೀರು ಹುಡುಕಿಕೊಂಡು ಮನುಷ್ಯರು ಹೋದರೆ, ಮರ ಅವರಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿದೆ! ಇದನ್ನು ಎಷ್ಟು ಸಲ ಓದಿದರೂ ನನಗೆ ಮೈ ಜುಂ ಅನ್ನುತ್ತದೆ. ಆದರೆ ಇದು ಬರೀ ಮರದ ಜಾತಿಗುಣ ಅಲ್ಲ. ಅದೇ ಜಾಲಿ ಕೆರೆ ಅಂಗಳದಲ್ಲಿ ಹುಟ್ಟಿದ್ದರೆ ಅಷ್ಟು ಆಳಕ್ಕೆ ಇಳಿಯುವ ಕೆಲಸವೇ ಇರುತ್ತಿರಲಿಲ್ಲ.

ಹಾಗಂತ ಬಂಡೆ ಮೇಲಿನ ಅರಳಿ ಊರ ಕಟ್ಟೆಯ ಅರಳಿಯಷ್ಟು ದೊಡ್ಡದಾಗುವುದು ಕಷ್ಟ. ಮಣ್ಣು ಒಣಗುತ್ತಾ ಬಂದಾಗ ಬೇರಿನಿಂದ ಒಂದು ಹಾರ್ಮೋನ್ ಎಲೆಗೆ ಹೋಗುತ್ತದೆ, ಎಲೆ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ಕೆಳಗೆ ಜಾಗ ಎಷ್ಟಿದೆಯೋ ಮೇಲೆ ಮರ ಅಷ್ಟೇ.

ಇನ್ನು ನುಗ್ಗೆ. ದಾವಣಗೆರೆ ಕಡೆಯ ಎರೆ ಮಣ್ಣು ನೋಡಿ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ನೆನೆದರೆ ಉಬ್ಬಿ ಅಂಟು. ದಿನಾ ನೀರು ಬಿಟ್ಟರೆ ಕಣಗಳ ನಡುವೆ ಗಾಳಿಯ ಜಾಗವನ್ನೆಲ್ಲ ನೀರೇ ತುಂಬುತ್ತದೆ. ಬೇರು ಉಸಿರುಗಟ್ಟಿ ಕೊಳೆಯುತ್ತದೆ, ಕೊಳೆತ ಬೇರು ನೀರು ಹೀರುವುದಿಲ್ಲ, ಮೇಲೆ ಎಲೆ ಬಾಡುತ್ತದೆ. ಬಾಡಿದ್ದು ನೋಡಿ ನಾವು ಇನ್ನೂ ಎರಡು ಕೊಡ ಸುರಿಯುತ್ತೇವೆ. ಪಾಪ, ಆ ಗಿಡ ನೀರಿನಲ್ಲೇ ಸತ್ತಿದೆ.

ಟೈಮ್ ಆಗ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ, ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಬೇರಿಗೆ ಅಂಟಿ ಬದುಕುವ ಶಿಲೀಂಧ್ರಗಳು ರಂಜಕ ತಂದುಕೊಟ್ಟು ಸಕ್ಕರೆ ಪಡೆಯುತ್ತವೆ, ಅದಕ್ಕೇ ಇನ್ನೊಂದು ವಿಡಿಯೋ ಬೇಕು. ಮತ್ತೆ ದಯವಿಟ್ಟು ಬೀದಿ ಮರದ ಬುಡದವರೆಗೂ ಸಿಮೆಂಟ್ ಹಾಕಿಸಬೇಡಿ.

ಪ್ರಶ್ನೆ ಕೇಳಿದವರಿಗೆ: ಸಸಿ ತರುವ ಮೊದಲು ಎರಡು ಅಡಿ ಗುಂಡಿ ತೋಡಿ ನೀರು ತುಂಬಿಸಿ. ಮಾರನೇ ದಿನವೂ ನೀರು ನಿಂತಿದ್ದರೆ ಅಲ್ಲಿ ನುಗ್ಗೆ, ಪಪ್ಪಾಯ ಬೇಡ. ಹೊಂಗೆ ಹಾಕಿ, ಅದು ತಡೆದುಕೊಳ್ಳುತ್ತದೆ. ನುಗ್ಗೆಯೇ ಬೇಕು ಅಂದರೆ ಮಣ್ಣು ಏರಿಸಿ ದಿಬ್ಬ ಮಾಡಿ ಅದರ ಮೇಲೆ ನೆಡಿ.