ಹೇಳದೇ ಉಳಿದ ಕತೆ ಎಲ್ಲಿ ಹೋಗುತ್ತೆ

ಎಲ್ರಿಗೂ ನಮಸ್ಕಾರ. ಕತೆ ಹೇಳ್ಬೇಕು ಅಂದ್ರೆ ಎದುರಿಗೆ ಹೂಂಗುಟ್ಟೋರು ಒಬ್ರು ಇರ್ಲೇಬೇಕು, ನಮ್ಮಜ್ಜಿ ಅಂತೂ ನಾವು ಹೂಂ ಅನ್ನೋದು ನಿಂತ ತಕ್ಷಣ ನಿದ್ದೆ ಬಂತು ಅಂತ ಅರ್ಧಕ್ಕೇ ನಿಲ್ಸಿಬಿಡೋರು. ಇಲ್ಲಿ ನನ್ನೆದುರಿಗೆ ಇರೋದು ಮೈಕ್ ಒಂದೇ, ಅದು ಹೂಂ ಅನ್ನಲ್ಲ, ನೀವೇ ಕೂತಲ್ಲಿಂದ ಅಂತಿರಿ.

ಸ್ಕೂಲಲ್ಲಿ ಪಾಠ ಮುಗೀತಿದ್ದ ಹಾಗೇ ಈ ಕತೆಯ ನೀತಿ ಏನು ಅಂತ ಪ್ರಶ್ನೆ ಬರ್ತಿತ್ತಲ್ಲ, ಪುಣ್ಯಕೋಟಿ ಅಂದ್ರೆ ಕೊಟ್ಟ ಮಾತಿಗೆ ತಪ್ಪಬಾರದು, ಬರೆದ್ರೆ ಫುಲ್ ಮಾರ್ಕ್ಸ್. ಆದ್ರೆ ಚಿಕ್ಕ ಮಕ್ಳಿಗೆ ಹೇಳಿ ನೋಡಿ, ಅವು ಕೇಳೋದೇ ಬೇರೆ. ಹುಲಿ ಯಾಕೆ ಸಾಯ್ಬೇಕಿತ್ತು, ಅದಕ್ಕೆ ಹಸಿವಾಗಿತ್ತು ಅಷ್ಟೇ ಅಲ್ವಾ? ನಂಗಂತೂ ಇವತ್ತಿಗೂ ಉತ್ತರ ಸಿಕ್ಕಿಲ್ಲ. ನನ್ನನ್ನ ಹಿಡಿಯೋ ಜಾಗ ಇನ್ನೊಂದು, ಹಸು ಕರುಗೆ ಕೊನೇ ಸಲ ಹಾಲು ಕೊಟ್ಟು ಉಳಿದ ಹಸುಗಳ ಹತ್ರ ಹೋಗಿ, ಇವ್ನು ಹತ್ರ ಬಂದ್ರೆ ಹಾಯ್ಬೇಡಿ, ಒದೀಬೇಡಿ ಅಂತ ಬೇಡ್ಕೊಳುತ್ತಲ್ಲ, ಅದು. ಸಾಯೋಕೆ ಹೊರಟ ತಾಯಿಗೆ ಮಗು ಯಾರ ಪಾಲಾಗುತ್ತೆ ಅನ್ನೋ ಚಿಂತೆ. ಪರೀಕ್ಷೇಲಿ ಇದನ್ನ ಯಾರೂ ಕೇಳಲ್ಲ ಬಿಡಿ.

ಮೈಸೂರಲ್ಲಿ 1929ರಲ್ಲಿ ಹುಟ್ಟಿ ಆಮೇಲೆ ಷಿಕಾಗೋದಲ್ಲಿ ಮೇಷ್ಟ್ರಾಗಿದ್ದ ಎ.ಕೆ. ರಾಮಾನುಜನ್ ನಮ್ಮ ಜನ ಹೇಳ್ತಿದ್ದ ಇಂಥಾ ಕತೆಗಳನ್ನ ವರ್ಷಗಟ್ಟಲೆ ಕೂಡಿಸಿಟ್ರು. ಅದ್ರಲ್ಲಿ ಹೂವಿನ ಗಿಡ ಆಗೋ ಹುಡುಗಿ ಕತೆ ಒಂದು. ಬಡವರ ಮನೆ, ತಾಯಿ ಕೂಲಿ ಮಾಡ್ತಾಳೆ, ಹುಡುಗಿ ಅಕ್ಕನಿಗೆ ಹೇಳ್ತಾಳೆ, ಎರಡು ಬಿಂದಿಗೆ ನೀರು ತಗೊಂಬಾ, ಉಗುರು ತಾಗಿಸ್ಬೇಡ, ಒಂದನ್ನ ನನ್ನ ಮೇಲೆ ಸುರಿ, ಗಿಡ ಆಗ್ತೀನಿ, ಹೂ ಕೀಳು ಆದ್ರೆ ಒಂದು ಕಡ್ಡೀನೂ ಮುರೀಬೇಡ, ಆಮೇಲೆ ಇನ್ನೊಂದು ಬಿಂದಿಗೆ ಸುರಿ, ಮತ್ತೆ ಹುಡುಗಿ ಆಗ್ತೀನಿ. ಹೂ ಮಾರಿ ನಾಲ್ಕು ಕಾಸು ಕಾಣ್ತಾರೆ. ರಾಜಕುಮಾರ ಮದ್ವೆ ಆಗ್ತಾನೆ. ಅಲ್ಲಿ ನಾದಿನಿ ಗೆಳತೀರ ಜೊತೆ ತೋಟಕ್ಕೆ ಕರ್ಕೊಂಡು ಹೋಗಿ ಗಿಡ ಆಗು ಅಂತ ಹಠ ಮಾಡ್ತಾಳೆ, ಹೂ ಸಿಕ್ಕ ಖುಷೀಲಿ ಕೊಂಬೆ ಎಲ್ಲಾ ಮುರಿದು ಹಾಕ್ತಾರೆ, ನೀರನ್ನ ಹೇಗ್ಹೇಗೋ ಎರಚಿ ಓಡ್ತಾರೆ. ಹುಡುಗಿ ಕೈಯಿಲ್ಲದ ಕಾಲಿಲ್ಲದ ಮುದ್ದೆಯಾಗಿ ಮೋರೀಲಿ ಬಿದ್ದಿರ್ತಾಳೆ. ಕೊನೆಗೆ ಗಂಡ ಸಿಕ್ಕಿ, ಅವ್ನ ಕೈಯಲ್ಲೇ ಮುರಿದ ಕೊಂಬೆ ಜೋಡಿಸಿ ನೀರು ಸುರಿಸ್ಕೊಂಡು ಸರಿ ಹೋಗ್ತಾಳೆ. ಅಸೂಯೆ ಕೆಟ್ಟದ್ದು ಅಂತ ಬರೆದು ಮುಗಿಸ್ಬಹುದು, ಆದ್ರೆ ಇಡೀ ಕತೆ ನಿಂತಿರೋದು ಆ ಉಗುರು ತಾಗಿಸ್ಬೇಡ ಅನ್ನೋ ಮಾತಿನ ಮೇಲೆ. ಒಬ್ರು ತನ್ನನ್ನ ಪೂರ್ತಿ ನಿಮ್ಮ ಕೈಗೆ ಕೊಟ್ಟಾಗ ನೀವು ಬಿಂದಿಗೆ ಹೇಗೆ ಹಿಡೀತೀರಿ?

ಇನ್ನೊಂದು ಕತೇಲಿ ನೀತಿ ಹುಡುಕೋದೇ ಕಷ್ಟ. ಒಬ್ಬ ಗೃಹಿಣಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳ್ತಿರ್ಲಿಲ್ಲ. ಒಳಗಿದ್ದು ಅವಕ್ಕೆ ಉಸಿರು ಕಟ್ತು, ಒಂದಿನ ಅವ್ಳು ಬಾಯಿ ತೆರೆದು ಮಲಗಿದ್ದಾಗ ಕತೆ ಹೊರಗೆ ಬಿದ್ದು ಒಂದು ಜೊತೆ ಚಪ್ಪಲಿ ಆಗಿ ಬಾಗಿಲಾಚೆ ಕೂತ್ಕೊಳ್ತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತಾಡ್ತು. ಗಂಡ ಬಂದು ಯಾರ್ದು ಇದು ಅಂದ. ಗೊತ್ತಿಲ್ಲ ಅಂದ್ಳು. ಜಗಳ ಆಗಿ ಅವ್ನು ಕಂಬಳಿ ತಗೊಂಡು ಹನುಮಂತನ ಗುಡಿಗೆ ಮಲಗೋಕೆ ಹೋದ. ಆ ಊರಲ್ಲಿ ಆರಿಸಿದ ದೀಪಗಳ ಕುಡಿಗಳೆಲ್ಲ ರಾತ್ರಿ ಗುಡೀಲಿ ಸೇರಿ ಹರಟೆ ಹೊಡೀತಿದ್ವಂತೆ. ಇವ್ರ ಮನೆ ದೀಪ ಲೇಟಾಗಿ ಬಂತು, ಯಾಕಮ್ಮಾ ಅಂದ್ರೆ ಎಲ್ಲಾ ಹೇಳ್ತು, ಗಂಡ ಕೇಳಿಸ್ಕೊಂಡ. ಈ ಕುಡಿಗಳ ಕೂಟವನ್ನೇ ಗಿರೀಶ್ ಕಾರ್ನಾಡರು ನಾಗಮಂಡಲ ನಾಟಕದ ಶುರುವಲ್ಲಿ ಇಟ್ಟಿದ್ದು.

ಬೆಳಗ್ಗೆ ಮನೆಗೆ ಬಂದು, ಅದ್ಯಾವ ಕತೆ ಹೇಳು ಅಂದ. ಅವ್ಳು ಯಾವ ಕತೆ, ಯಾವ ಹಾಡು ಅಂದ್ಳು. ಮರ್ತೇ ಹೋಗಿತ್ತು.

ಅಜ್ಜಿ ಹೇಳಿದ್ರಲ್ಲಿ ನಂಗೆ ಪೂರ್ತಿ ನೆನಪಿರೋದು ನಾಲ್ಕೋ ಐದೋ. ಇನ್ನೊಂದು ಇತ್ತು, ಏಳು ಜನ ಅಣ್ಣಂದಿರು, ಒಬ್ಳೇ ತಂಗಿ, ಅಣ್ಣಂದಿರು ದೂರದೂರಿಗೆ ಹೊರಡ್ತಾರೆ, ತಂಗಿ ಬಾಗ್ಲಲ್ಲಿ ನಿಂತಿದಾಳೆ. ಅಲ್ಲಿಂದ ಮುಂದೆ ಬರ್ತಿಲ್ಲ ನಂಗೆ.